ಕೂಡಿಸುವ ಅಧಿಕಾರ

ಧಾರವಾಡದಿಂದ ಗೋವೆಯ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಿಗಿರುವ ಕೆಲಗೇರಿಯ ಕೆರೆಯ ಏರಿಯ ಮೇಲೆ ಸಾಯಂಕಾಲ ಅಡ್ಡಾಡುವ ನಮ್ಮಂಥ ವಯಸ್ಸಾದವರ ಮಾತು ಬಹುಮಟ್ಟಿಗೆ ಎರಡು ವಿಷಯಗಳನ್ನು ದಾಟಿ ಹೋಗುವುದಿಲ್ಲ: ಒಂದು, ರಕ್ತದಲ್ಲಿಯ ಸಕ್ಕರೆ, ಇನ್ನೊಂದು, ಮಕ್ಕಳು ನೆಲೆಸಿರುವ ದೂರದ ಊರು. ಆದುದರಿಂದ, ಎಪ್ಪತ್ತನ್ನು ದಾಟಿದ ನನ್ನ ನೆರೆಯ ಮಿತ್ರರೊಬ್ಬರು, ಮೂವತ್ತು ವರುಷ ಗಣಿತವನ್ನು ಬೋಧಿಸಿ ಸಂಗೀತವೊಂದನ್ನು ಮಾತ್ರ ಲೆಕ್ಕಕ್ಕೆ ಹಚ್ಚದೆ ಪ್ರೀತಿಸಿದವರು, ಒಂದು ಸಂಜೆ ನಡೆಯುತ್ತಿದ್ದಲ್ಲಿಯೇ ನಿಂತು, “ವಾಲ್ವಿಂದು ಒಂದು ಪ್ರೀಆಂಪ್ಲಿಫೈಯರ್ ತಗೋಬೇಕಂತ ಮಾಡೇನ್ರಿ. ಯಾವುದು ತಗೋಬೇಕು ಅನ್ನೋದ ತಿಳೀವಲ್ದು. ನೀವ ಹೇಳ್ರಿ” ಎಂದಾಗ ನನಗೆ ಸಂತೋಷವೂ ತುಸು ಗಾಬರಿಯೂ ಒಟ್ಟಿಗೇ ಆದುವು. ಪ್ರಶ್ನೆಯು ಅಂಗಡಿಯದು, ಅಂಗಡಿಯವನೇ ಅದಕ್ಕೆ ಉತ್ತರ ಹೇಳಬಲ್ಲನು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. “ವಾಲ್ವಿನ ದನಿ ಖರೇನ ಛಲೋ ಇರ್ತದ, ಆದ್ರ ಅದು ಖರೇ ದನಿ ಹೌದೇನ್ರಿ?” ಎಂದರು. ಈ ಎರಡನೆಯ ಪ್ರಶ್ನೆಯನ್ನು ಪರಿಹರಿಸದೆ ಮೊದಲನೆಯದಕ್ಕೆ ಉತ್ತರ ಕೊಡುವಂತಿರಲಿಲ್ಲ. ಅಂದು ಕತ್ತಲಾಯಿತೆಂಬ ನೆಪದಿಂದ ನಾನು ಪಾರಾದೆನು. ಆಮೇಲೆ ಹಲವು ದಿನ ಆ ಮಾತು ನನ್ನನ್ನು ಬಿಡಲಿಲ್ಲ.

ಪ್ರೀಆಂಪ್ಲಿಫೈಯರನ್ನು ಪೂರ್ವವರ್ಧಕವೆಂದು ಕರೆಯಬಹುದು. ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಓಡುವ ಸೂಜಿಯು ಹುಟ್ಟಿಸುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಐದು ಪಾಲಿನಷ್ಟು ಮಾತ್ರ; ಸ್ಪೀಕರನ್ನು ನಡುಗಿಸಬೇಕಾದ ದೊಡ್ಡ ಆಂಪ್ಲಿಫೈಯರಾದರೋ ಸುಮಾರು ಒಂದು ವೋಲ್ಟನ್ನಾದರೂ ಕೊಡದಿದ್ದರೆ ಬಾಯಿ ತೆರೆಯದು. ಇವೆರಡರ ನಡುವೆ ನಿಂತು, ಇದರ ಪಿಸುಮಾತನ್ನು ಅದಕ್ಕೆ ಕೇಳಿಸುವಂತೆ ಹೇಳುವುದು ಪೂರ್ವವರ್ಧಕದ ಕೆಲಸ. ತಟ್ಟೆಯನ್ನು ಕೊರೆಯುವಾಗ ಮಂದ್ರದ ನಾದಗಳನ್ನು ತಗ್ಗಿಸಿ ತಾರದವುಗಳನ್ನು ಏರಿಸಿರುತ್ತಾರೆ. 1954ರಲ್ಲಿ ಅಮೇರಿಕೆಯ ಧ್ವನಿಮುದ್ರಣದವರು ಕೂಡಿ ಗೊತ್ತುಮಾಡಿದ ಆ ಏರಿಳಿತವನ್ನು ತಿರುಗುಮುರುಗು ಮಾಡಿ ಮೂಲಕ್ಕೆ ತರುವುದೂ ಅದೇ ಘಟ್ಟದಲ್ಲಿ ನಡೆಯತಕ್ಕುದು. ಇಷ್ಟು ಸರಿ. ಆದರೆ ನನ್ನ ಮಿತ್ರರ ಭಂಡಾರದಲ್ಲಿ ತಟ್ಟೆಗಳು ಕೆಲವೇ, ಮಿಕ್ಕವೆಲ್ಲ ಸಿ.ಡಿ.ಗಳು. ಸಿ.ಡಿ. ಯಂತ್ರವು ತಾನಾಗಿಯೇ ಎರಡು ವೋಲ್ಟುಗಳನ್ನು ಕೊಡುತ್ತದೆ. ಅಲ್ಲಿ ವರ್ಧಿಸಬೇಕಾದುದು ಏನೂ ಇಲ್ಲ, ತಗ್ಗಿಸಬೇಕಾದುದು ಮಾತ್ರ ಇದೆ. ತಗ್ಗಿಸುವುದಕ್ಕೆ ಒಂದು ಗುಂಡಿ ಸಾಕು. ಹಾಗಿದ್ದೂ ಅವರು ವಾಲ್ವನ್ನು ಬಯಸುತ್ತಿದ್ದರೆಂದರೆ, ಅವರಿಗೆ ಬೇಕಾಗಿದ್ದುದು ಮೂಲದಲ್ಲಿ ಇಲ್ಲದ ಯಾವುದೋ ಒಂದನ್ನು ಕೂಡಿಸುವ ಯಂತ್ರವೆಂದು ಒಪ್ಪಿಕೊಳ್ಳಲೇಬೇಕು.

ಆ ವಾಲ್ವಿನೊಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ನೋಡೋಣ. ಗಾಳಿಯನ್ನೆಲ್ಲ ಹೊರಗೆಳೆದ ಗಾಜಿನ ಬುರುಡೆಯಲ್ಲಿ ಕೆಂಪಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ನೂರಾರು ವೋಲ್ಟುಗಳ ಸೆಳೆತವುಳ್ಳ ಪ್ಲೇಟಿನ ಕಡೆಗೆ ಹರಿಯುತ್ತವೆ. 1904ರಲ್ಲಿ ಫ್ಲೆಮಿಂಗನು ರಚಿಸಿದ ವಾಲ್ವಿನಲ್ಲಿ ಇಷ್ಟೇ ಇತ್ತು. ಎರಡು ವರುಷಗಳ ತರುವಾಯ ಲೀ ಡಿ ಫಾರೆಸ್ಟನು ಈ ಹರಿವಿನ ನಡುವೆ ಗ್ರಿಡ್ ಎಂಬ ತೆಳುತಂತಿಯ ಜಾಲರಿಯೊಂದನ್ನು ಇರಿಸಿದನು. ಗ್ರಿಡ್ಡಿನ ಮೇಲಿನ ಕಿಂಚಿತ್ ವಿದ್ಯುತ್ತು ಏರಿ ಇಳಿದಂತೆಲ್ಲ ಆ ದೊಡ್ಡ ಪ್ರವಾಹವೂ ಏರಿ ಇಳಿಯುತ್ತದೆ. ಗ್ರಿಡ್ಡಾದರೋ ತಾನು ಏನನ್ನೂ ಕೊಡುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ. ಸಾಂಖ್ಯರು ಹೇಳುವ ಪುರುಷನ ನೆನಪು ನನಗೆ ಇಲ್ಲಿ ಬಾರದಿರಲಿಲ್ಲ. ಅವನು ನಿಷ್ಕ್ರಿಯನು, ಅವನ ಸಾನ್ನಿಧ್ಯಮಾತ್ರದಿಂದ ಪ್ರಕೃತಿಯು ಪ್ರವೃತ್ತವಾಗುತ್ತದೆ. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು, ಏಕೆಂದರೆ ಸಾಂಖ್ಯರ ಪುರುಷನು ಹೀಗೆ ಕುಣಿ, ಹಾಗೆ ಕುಣಿ ಎಂದು ಪ್ರಕೃತಿಗೆ ಕಟ್ಟಳೆ ಮಾಡುವವನಲ್ಲ. ಆದರೂ ಅದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಾವು ‘ವರ್ಧನ’ ಎಂಬ ಮಾತನ್ನು ಬಳಸಿ, ಚಿಕ್ಕದೊಂದು ವಸ್ತುವೇ ದೊಡ್ಡದಾಗಿ ಬೆಳೆಯಿತೆಂದು ಭ್ರಮಿಸುತ್ತೇವೆ. ನಿಜದಲ್ಲಿ ಸೂಜಿಯಿಂದ ಬಂದ ವಿದ್ಯುತ್ತು ಗ್ರಿಡ್ಡಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಹರಿಯುವುದು ಗೋಡೆಯ ಪ್ಲಗ್ಗಿನಿಂದ ಬಂದುದು, ಕಾಳೀ ನದಿಯ ನೀರಿನಿಂದಲೋ ರಾಯಚೂರಿನಲ್ಲಿ ಉರಿದ ಕಲ್ಲಿದ್ದಲಿನಿಂದಲೋ ಹುಟ್ಟಿದುದು. ಅದು ಆ ಮೊದಲಿನದರ ಆಕಾರವನ್ನು ತಾಳುತ್ತದೆ, ಅಷ್ಟೆ. ಮಲ್ಲಿಕಾರ್ಜುನ ಮನಸೂರರ ತಾನವೊಂದು ಕೆಲಗೇರಿಯ ಒಂದು ಕೋಣೆಯಲ್ಲಿ ಕೇಳಿಬರುವಾಗ, ಅಲ್ಲಿ ಮನಸೂರರ ಕಂಠದ್ದೆನ್ನಬಹುದಾದ ಕಣವೊಂದೂ ಇರುವುದಿಲ್ಲ. ಎಂಥ ಯಂತ್ರವನ್ನು ತಂದರೂ ಇದು ತಪ್ಪಿದ್ದಲ್ಲ. ವಾಲ್ವಿನದಾಗಲಿ ಟ್ರಾನ್ಸಿಸ್ಟರಿನದಾಗಲಿ, ಎಲ್ಲ ಆಂಪ್ಲಿಫೈಯರುಗಳೂ ಅನುಕರ್ತೃಗಳೇ.

ಹಾಗಾದರೆ ಯಂತ್ರದಿಂದ ನಾವು ಕೇಳುವುದು ಸತ್ಯವೋ ಮಿಥ್ಯೆಯೋ? ನಮ್ಮ ಆಲಂಕಾರಿಕರು ನಾಟ್ಯದ ಸಂದರ್ಭದಲ್ಲಿ ಈ ಪ್ರಶ್ನೆಯನ್ನೇ ಬೇರೊಂದು ವೇಷದಲ್ಲಿ ಎದುರಿಸಿದರು, ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಆ ವಾದಪರಂಪರೆಯು ಪರಿಚಿತವಾದುದೇ. ರಸವು ಮುಖ್ಯವಾಗಿ ಮೂಲಪುರುಷನಾದ ರಾಮನಲ್ಲಿದೆಯೆಂದನು ಭಟ್ಟಲೋಲ್ಲಟ. ಶ್ರೀಶಂಕುಕನು ಅದನ್ನು ಒಪ್ಪದೆ, ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ಇದು ಕುದುರೆಯೆಂದು ಹೇಳುವಂತೆ ನಾವು ನಟನನ್ನು ರಾಮನೆಂದು ಗ್ರಹಿಸುತ್ತೇವೆಂದೂ, ಆ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಬುದ್ಧಿಯೂ ಅಲ್ಲವೆಂದೂ ವಾದಿಸಿದನು. ಧ್ವನಿಮುದ್ರಣವನ್ನು ಕೇಳುವವನ ಅವಸ್ಥೆಯನ್ನು ಇದಕ್ಕಿಂತ ನಿಷ್ಕೃಷ್ಟವಾಗಿ ಹೇಳಿದವರನ್ನು ನಾನು ಕಾಣೆ. ಕೋಣೆಯಲ್ಲಿ ಗಾಯಕರಿಲ್ಲವೆಂದು ನಮಗೆ ಗೊತ್ತು. ಆದರೂ ಸ್ವರವು ಸಮದ ಮೇಲೆ ಬಂದು ಕೂತಾಗ ‘ವಾಹ್’ ಎಂದು ಹೇಳುವುದು ಸ್ಪೀಕರಿಗಲ್ಲ. ಅಭಿನವಗುಪ್ತನು ಕೊನೆಗೆ ರಸದ ಅಭಿವ್ಯಕ್ತಿಯು ಸಹೃದಯನ ಚಿತ್ತದಲ್ಲಿ ಎಂದು ಸಿದ್ಧಾಂತಪಡಿಸಿದಾಗ ಪ್ರಶ್ನೆಯ ಮುಖವೇ ಬದಲಾಯಿತು. ಅನುಕರಣವು ಮೂಲಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದು ಗೌಣವಾಗಿ, ಅಭಿವ್ಯಕ್ತಿಗೆ ಯಾವುದು ಅಡ್ಡಿಯೆಂಬುದು ಮುಖ್ಯವಾಯಿತು.

ಆದರೆ ವಾಲ್ವಿನ ಪಕ್ಷದವರ ವಾದವನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅವರ ವಾದವು ಸುಂದರವೂ ಆಗಿದೆ. ವಾಲ್ವು ತನ್ನೊಳಗೆ ಹಾದುಹೋಗುವ ನಾದಕ್ಕೆ ಕೂಡಿಸುವುದು ಬಹುಪಾಲು ಎರಡನೆಯ ಸಂವಾದಿ ಕಂಪನವನ್ನು, ಅಂದರೆ ಮೂಲದ ಎರಡು ಪಟ್ಟು ವೇಗವುಳ್ಳ ಕಂಪನವನ್ನು. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಷಡ್ಜಕ್ಕೆ ತಾರಷಡ್ಜವನ್ನು, ಗಾಂಧಾರಕ್ಕೆ ತಾರಗಾಂಧಾರವನ್ನು. ಅದು ಅನ್ಯಸ್ವರವಲ್ಲ, ಅದೇ ಸ್ವರದ ಮೇಲಿನ ಮನೆ. ಆದುದರಿಂದ ಕಿವಿಗೆ ಅದು ದೋಷವೆನಿಸದೆ ಪುಷ್ಟಿಯೆನಿಸುತ್ತದೆ. ಇಷ್ಟನ್ನು ಹೇಳಿ ಅವರು ತಂಬೂರಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಮಿರಜಿನ ಕುಶಲಿಗಳು ತಂಬೂರಿಯ ಕುದುರೆಯ ಮೈಯನ್ನು ನವುರಾಗಿ ಉಜ್ಜಿ, ತಂತಿಯ ಕೆಳಗೆ ಒಂದೆಳೆ ನೂಲನ್ನು ಸರಿಸಿ ಜವಾರಿ ಹಿಡಿಸುವುದು ಏತಕ್ಕೆ? ಮೂಲನಾದದ ಮೇಲೆ ಅದರ ಸಂವಾದಿಗಳು ಎದ್ದು ಕಾಣಲೆಂದು. ಯಾರೂ ಮೀಟದ ಗಾಂಧಾರವು ಆಗ ಅಲ್ಲಿ ತಾನಾಗಿ ನುಡಿಯುತ್ತದೆ. ಹಿರಿಯರು ಅದನ್ನು ಸ್ವಯಂಭೂ ಎಂದರು. (ನಮ್ಮ ಸೀಮೆಯಲ್ಲಿ ಜೋಳಕ್ಕೂ ಕೋಳಿಗೂ ಜವಾರಿ ಎಂಬ ಮಾತನ್ನು ಹಚ್ಚಿ, ಕಲಬೆರಕೆಯಿಲ್ಲದ ಈ ನೆಲದ ತಳಿಯೆಂಬ ಅರ್ಥದಲ್ಲಿ ಆಡುತ್ತೇವೆ. ಅದೇ ಮಾತು ತಂಬೂರಿಯಲ್ಲಿ ಕೂಡಿಸಿದ ಝೇಂಕಾರಕ್ಕೆ ಹೆಸರಾಗಿರುವುದು ಶಬ್ದಗಳ ಒಂದು ವಿನೋದವೇ ಸರಿ.) ತಂಬೂರಿಯ ಕೂಡಿಕೆಯು ಸತ್ಯವಾದರೆ ವಾಲ್ವಿನ ಕೂಡಿಕೆಯು ಸುಳ್ಳು ಹೇಗೆ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯು ನನ್ನನ್ನು ಬಹಳ ದಿನ ಕಾಡಿತು. ನನಗೆ ತೋರಿದ ಉತ್ತರವಿದು: ಎರಡು ಕೂಡಿಕೆಗಳ ಭೇದವು ನಾದದಲ್ಲಿಲ್ಲ, ಅಧಿಕಾರದಲ್ಲಿದೆ. ತಂಬೂರಿಯ ಜವಾರಿಯು ಗಾಯಕನ ಕಿವಿಯ ಒಪ್ಪಿಗೆಯನ್ನು ಪಡೆದೇ ನುಡಿಯುತ್ತದೆ. ಅವನು ಅದನ್ನು ತಿದ್ದುತ್ತಾನೆ, ಅದಕ್ಕೆ ತನ್ನ ಷಡ್ಜವನ್ನು ಒಪ್ಪಿಸುತ್ತಾನೆ, ಅದರೊಳಗಿನಿಂದ ಹಾಡುತ್ತಾನೆ. ವಾಲ್ವಿನ ಕೂಡಿಕೆಯಾದರೋ ಗಾಯಕನು ಹಾಡಿ ಮುಗಿಸಿ ಎದ್ದುಹೋದ ಮೇಲೆ ಅವನಿಗೆ ತಿಳಿಯದಂತೆ ಅವನ ಸ್ವರಕ್ಕೆ ಹಚ್ಚಿದ ಲೇಪ. ಅಲ್ಲದೆ ಅದು ವಿವೇಚನೆಯಿಲ್ಲದ ಲೇಪ: ಗಾಯಕನ ಷಡ್ಜಕ್ಕೂ ತಬಲೆಯ ಪೆಟ್ಟಿಗೂ ಸಭೆಯಲ್ಲಿ ಕೆಮ್ಮಿದವನ ಕೆಮ್ಮಿಗೂ ಒಂದೇ ಬಗೆಯ ಸಿಹಿಯನ್ನು ಸವರುತ್ತದೆ. ವೇದಾಂತಿಗಳು ಉಪಾಧಿಗೆ ಕೊಡುವ ದೃಷ್ಟಾಂತವಿದೆಯಲ್ಲ, ದಾಸವಾಳದ ಬಳಿ ಇಟ್ಟ ಸ್ಫಟಿಕವು ಕೆಂಪಾಗಿ ತೋರುವುದು. ಆ ಕೆಂಪು ಮನೋಹರವೇ, ಆದರೆ ಸ್ಫಟಿಕದ್ದಲ್ಲ.

ಇಷ್ಟಕ್ಕೆ ನಿಲ್ಲಿಸಿ ತೀರ್ಪು ಕೊಟ್ಟುಬಿಡಬಹುದಾಗಿತ್ತು. ಆದರೆ ಇತಿಹಾಸವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಮನಸೂರರು ಮುಂದೆ ಅದರ ಸಂಗೀತ ಸಲಹೆಗಾರರೂ ಆದರು. ಅಂದಿನ ದಿನಗಳಲ್ಲಿ ಸ್ಟುಡಿಯೋದ ಮೈಕಿನ ಹಿಂದಿನ ಆಂಪ್ಲಿಫೈಯರಿನಿಂದ ಹಿಡಿದು, ಪ್ರಸಾರಯಂತ್ರವನ್ನು ಹಾದು, ನಮ್ಮ ಮನೆಯ ಗೂಡಿನಲ್ಲಿ ಕುಳಿತ ರೇಡಿಯೋದವರೆಗೆ ನಾದವು ಕ್ರಮಿಸಿದ ದಾರಿಯೆಲ್ಲವೂ ವಾಲ್ವುಗಳ ದಾರಿಯೇ ಆಗಿತ್ತು. ಮಧ್ಯಮ ತರಂಗದ ಪ್ರಸಾರದಲ್ಲಿ ಅತಿತಾರದ ನಾದಗಳು ದಾರಿಯಲ್ಲಿಯೇ ಉದುರಿಹೋಗುತ್ತಿದ್ದುವು. ನನ್ನ ಮಿತ್ರರು ಬಾಲ್ಯದಲ್ಲಿ ರೇಡಿಯೋದ ಹಸಿರು ಕಣ್ಣು ಮೆಲ್ಲಗೆ ಅರಳುವುದನ್ನು ನೋಡುತ್ತ ಕಾದು ಕೂತು ಕೇಳಿದ ಮನಸೂರರ ಕಂಠವು ಅದೇ. ಇಂದು ಅವರು ಒಂದು ವಾಲ್ವಿನ ಯಂತ್ರವನ್ನು ಕೇಳಿ, “ಇದು ನೋಡ್ರಿ ಖರೇ ಮನಸೂರ” ಎಂದರೆ, ಅದು ಮನಸೂರರನ್ನು ಹೋಲುತ್ತದೆಂಬುದಕ್ಕಿಂತ ಹೆಚ್ಚಾಗಿ ಆ ರೇಡಿಯೋವನ್ನು ಹೋಲುತ್ತದೆಂದು ಅರ್ಥ. ಅಭಿನವಗುಪ್ತನ ಭಾಷೆಯಲ್ಲಿ ಇದು ವಾಸನೆ, ಅಂದರೆ ಹಿಂದಿನ ಅನುಭವವು ಚಿತ್ತದಲ್ಲಿ ಉಳಿಸಿದ ಸಂಸ್ಕಾರ. ವಾಸನೆಯಿಲ್ಲದವನಿಗೆ ರಸವಿಲ್ಲವೆಂಬುದೂ ಅವನದೇ ಮಾತಾದುದರಿಂದ ಅದನ್ನು ಹಳಿಯುವಂತಿಲ್ಲ.

ಗಂಗೂಬಾಯಿ ಹಾನಗಲ್ಲರ ಉದಾಹರಣೆ ಇನ್ನೂ ತೊಡಕಿನದು. 1930ರ ದಶಕದ ಮೊದಲ ವರುಷಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದ ಅವರ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ, ಹುಡುಗಿಯ ಕಂಠ. ಗಂಟಲಿನ ವ್ಯಾಧಿ ಮತ್ತು ಚಿಕಿತ್ಸೆಯ ತರುವಾಯ ಆ ಕಂಠವು ಇಳಿದು, ಸ್ತ್ರೀಪುರುಷಭೇದವನ್ನೇ ಮರೆಯಿಸುವ ಗಂಭೀರನಾದವಾಗಿ ಲೋಕಪ್ರಸಿದ್ಧವಾಯಿತು. ಆ ಮೊದಲಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟುಗಳಿಗಿಂತ ತುಸು ಹೆಚ್ಚು ಹಾಡು ಹಿಡಿಯುತ್ತಿತ್ತು. ಗಂಟೆಗಟ್ಟಲೆ ಅರಳಬೇಕಾದ ಖ್ಯಾಲು ಅಷ್ಟರಲ್ಲಿ ಮುಗಿಯಬೇಕು. ಆ ಧ್ವನಿಯನ್ನು ಮೇಣದ ಮೇಲೆ ಕೊರೆದ ಯಂತ್ರವೂ ವಾಲ್ವುಗಳಿಂದಲೇ ನಡೆಯುತ್ತಿತ್ತು. ಹಾಗಿರಲು ಅವರ ನಿಜವಾದ ಕಂಠ ಯಾವುದು, ಮೂಲ ಯಾವುದು, ಕೂಡಿಸಿದ್ದು ಯಾವುದು? ಪೂರ್ವವರ್ಧಕದ ಮುಂದೆ ಕೂತು ಮೂಲಕ್ಕೆ ನಿಷ್ಠವಾದ ಧ್ವನಿಯನ್ನು ಹುಡುಕುವವನು, ಯಾವ ಮೂಲಕ್ಕೆ ಎಂದು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ತಂತಿಯೊಂದರಂತೆ ಏನನ್ನೂ ಕೂಡಿಸದೆ ಏನನ್ನೂ ಕಳೆಯದೆ ದಾಟಿಸುವ ಯಂತ್ರವೇ ಶ್ರೇಷ್ಠವೆನ್ನುವ ತಂತ್ರಜ್ಞರ ಆದರ್ಶವು ನನಗೆ ಮಾನ್ಯವೇ. ಆದರೆ ಆ ಯಂತ್ರವು ಆಮ್ನಾಯದಂತೆ ಅಪೌರುಷೇಯವಾದುದನ್ನು ದಾಟಿಸುತ್ತಿಲ್ಲ. ಯಾವನೋ ಒಬ್ಬನು ಮೈಕನ್ನು ಎಲ್ಲಿ ಇಟ್ಟನೆಂಬುದನ್ನೂ ಕೂಡಿಯೇ ದಾಟಿಸುತ್ತದೆ.

ಹೀಗೆ ಎರಡು ಪಕ್ಷಗಳೂ ಅರ್ಧದಲ್ಲಿ ನಿಂತಾಗ ನನಗೆ ದಾರಿ ತೋರಿದುದು ಅಭಿನವಗುಪ್ತನ ರಸವಿಘ್ನಗಳ ಪಟ್ಟಿ. ರಸಪ್ರತೀತಿಗೆ ಅಡ್ಡ ಬರುವ ವಿಘ್ನಗಳು ಏಳೆಂದು ಅವನು ಎಣಿಸಿದ್ದಾನೆ. ಏಳನ್ನೂ ಇಲ್ಲಿ ಹೇಳಬೇಕಾದುದಿಲ್ಲ. ಅವುಗಳಲ್ಲಿ ಒಂದು ಪ್ರತೀತಿಯ ಉಪಾಯದಲ್ಲಿಯೇ ವೈಕಲ್ಯವಿರುವುದು. ಇನ್ನೊಂದು ಸ್ಫುಟತ್ವದ ಅಭಾವ. ಮತ್ತೊಂದು ಅಪ್ರಧಾನತೆ, ಅಂದರೆ ಪ್ರಧಾನವಲ್ಲದುದರಲ್ಲಿ ಮನಸ್ಸು ನೆಲೆಗೊಳ್ಳುವುದು. ಬೇರೊಂದು, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದು. ಸಾವಿರ ವರುಷಗಳ ಹಿಂದೆ ಕಾಶ್ಮೀರದಲ್ಲಿ ಕೂತು ನಾಟ್ಯವನ್ನು ಕುರಿತು ಬರೆದವನು ನಮ್ಮ ಕೆಲಗೇರಿಯ ಗಣಿತದ ಮಾಸ್ತರರಿಗೆ ಯಂತ್ರವನ್ನು ಕೊಳ್ಳುವ ಕ್ರಮವನ್ನು ಹೇಳಿಕೊಟ್ಟಿದ್ದಾನೆಂದು ನನಗೆ ಅನಿಸಿತು.

ಉಪಾಯವೈಕಲ್ಯವೆಂದರೆ ಇಲ್ಲಿ ಗುಂಯ್ಯೆಂಬ ಸದ್ದು. ನಮ್ಮ ವಿದ್ಯುತ್ತು 230 ವೋಲ್ಟು, ಸೆಕೆಂಡಿಗೆ 50 ಆವರ್ತದ್ದು; ಅದರ ಛಾಯೆಯು 50 ಅಥವಾ 100 ಕಂಪನಗಳ ಗುಂಜನವಾಗಿ ಧ್ವನಿಯಲ್ಲಿ ನುಸುಳುತ್ತದೆ. ಆಲಾಪದ ಮೊದಲ ಷಡ್ಜಕ್ಕೆ ಮುಂಚಿನ ಮೌನದಲ್ಲಿ ಅದು ಕೇಳಿಸಿತೆಂದರೆ ಯಂತ್ರವು ಎಷ್ಟು ಮಧುರವಾಗಿದ್ದರೂ ತ್ಯಾಜ್ಯ. ಅಮೇರಿಕೆಯ 120 ವೋಲ್ಟಿನ ಯಂತ್ರವನ್ನು ಅಗ್ಗವೆಂದು ತರಿಸಿ ನಡುವೆ ಇನ್ನೊಂದು ಟ್ರಾನ್ಸ್‌ಫಾರ್ಮರನ್ನು ಇಡುವುದಕ್ಕಿಂತ ನಮ್ಮ ವೋಲ್ಟಿಗೇ ಮಾಡಿದ, ವಾಲ್ವಿನ ಹೀಟರಿಗೆ ನೇರವಿದ್ಯುತ್ತನ್ನು ಕೊಡುವ ಯಂತ್ರವು ಮೇಲು. ಸ್ಫುಟತ್ವದ ಅಭಾವವು ಬಹುಮಟ್ಟಿಗೆ ಹೊಂದಾಣಿಕೆಯ ದೋಷ. 12ಎಎಕ್ಸ್7 ಎಂಬ ಪ್ರಸಿದ್ಧ ವಾಲ್ವು ನೂರು ಪಟ್ಟಿನ ವರ್ಧನಾಂಕವುಳ್ಳದ್ದು. ಸೂಜಿಯ ಪಿಸುಮಾತಿಗೆ ಅದು ಬೇಕು. ಆದರೆ ಅದರ ಹೊರಬಾಗಿಲಿನ ರೋಧವು ಹತ್ತಾರು ಸಾವಿರ ಓಮುಗಳಷ್ಟಿರುವುದರಿಂದ, ನಡುವೆ ಬೇರೊಂದು ಘಟ್ಟವನ್ನಿಡದೆ ಅದನ್ನು ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಕಟ್ಟಿದರೆ ದನಿಯು ಬಲಗುಂದಿ ಮಸಕಾಗುತ್ತದೆ. ಎರಡು ವೋಲ್ಟಿನ ಸಿ.ಡಿ.ಗೆ ಅಷ್ಟೊಂದು ವರ್ಧನ ಕೊಟ್ಟರೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಮನೆ ನಡುಗುತ್ತದೆ. ಆ ತುದಿಯಲ್ಲಿ ಎಡಬಲ ಸ್ಪೀಕರುಗಳ ಸಮತೋಲವೂ ಕೆಡುತ್ತದೆ. 6ಎಸ್‌ಎನ್7 ಎಂಬ, ಎಂಟು ಕಾಲಿನ ದಪ್ಪ ವಾಲ್ವಿನ ವರ್ಧನಾಂಕ ಇಪ್ಪತ್ತು; ಅದು ಕೂಡಿಸುವುದೂ ಕಡಿಮೆ. ನನ್ನ ಒಲವು ಅದರ ಕಡೆಗೆ. (ಯಾವುದನ್ನೇ ಕೊಂಡರೂ ಮುಚ್ಚಳ ತೆಗೆದು ಬೆರಳು ಹಾಕಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ.)

ಉಳಿದೆರಡು ವಿಘ್ನಗಳು ಯಂತ್ರದವಲ್ಲ, ಕೊಳ್ಳುವವನವು. ವಾಲ್ವುಗಳನ್ನು ಕಿತ್ತು ಬದಲಿಸಬಹುದಾದುದರಿಂದ ಈ ಹವ್ಯಾಸಕ್ಕೆ ಬಿದ್ದವರು ರಷ್ಯಾದ್ದನ್ನು ತೆಗೆದು ಜರ್ಮನಿಯದನ್ನು ಹಾಕುತ್ತಾರೆ, ಅದನ್ನು ತೆಗೆದು ಹಳೆಯ ಇಂಗ್ಲಂಡಿನದನ್ನು ಹಾಕುತ್ತಾರೆ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನವರು 1961ರಲ್ಲಿ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿದರು. ಆ ಹಳೆಯ ವಾಲ್ವುಗಳಿಗೂ ಈಗ ಹೊರದೇಶಗಳಲ್ಲಿ ಗಿರಾಕಿಗಳಿದ್ದಾರೆಂದರೆ ಅಭಿಮಾನಪಡಬಹುದು. ಆದರೆ ಒಂದು ಶಿವಮತ ಭೈರವದ ಬಡಾಖ್ಯಾಲನ್ನು ನಾಲ್ಕು ವಾಲ್ವುಗಳಲ್ಲಿ ನಾಲ್ಕು ಸಲ, ಪ್ರತಿಸಲವೂ ಮೊದಲ ಎರಡೇ ಮಿನಿಟು ಕೇಳುವವನು ಶಿವಮತ ಭೈರವವನ್ನು ಕೇಳಲಿಲ್ಲ. ಅವನ ಚಿತ್ತವು ಅಪ್ರಧಾನದಲ್ಲಿ ಸಿಕ್ಕಿಕೊಂಡಿದೆ. ವಾಸನೆಯೂ ಹಾಗೆಯೇ. ಮನಸೂರರನ್ನು ಕೇಳುವಾಗ ಅದು ರಾಗದ ಬೆನ್ನಿಗೆ ನಿಂತು ಪೋಷಿಸಿದರೆ ರಸಕ್ಕೆ ಬೀಜ. ತಾನೇ ಮುಂದೆ ಬಂದು, ನಮ್ಮ ಮನೆ, ನಮ್ಮ ರೇಡಿಯೋ, ನಮ್ಮ ಅಪ್ಪನ ಆರಾಮಕುರ್ಚಿ ಎಂದು ಮಾತಿಗೆ ತೊಡಗಿದರೆ ಸ್ವಂತ ಸುಖಕ್ಕೆ ವಶನಾಗುವ ವಿಘ್ನ. ಇದನ್ನು ಮಿತ್ರರಿಗೆ ಹೇಳಲು ನನಗೆ ಧೈರ್ಯ ಸಾಲದೆ ಎರಡು ಸಂಜೆ ತಡಮಾಡಿದೆನು. ಹೇಳಿದಾಗ ಅವರು ಸಿಟ್ಟಾಗಲಿಲ್ಲ. “ಅಪ್ಪನ ಕುರ್ಚಿ ನಿಮಗ ಹ್ಯಾಂಗ ಗೊತ್ತು?” ಎಂದು ನಕ್ಕರು.

ಕೂಡಿಸುವ ಅಧಿಕಾರವು ಯಂತ್ರಕ್ಕೆ ಇಲ್ಲ, ಸಹೃದಯನಿಗೆ ಇದೆ. ಅವನು ಕೂಡಿಸುವುದಕ್ಕೆ ಸ್ಥಳ ಬಿಡುವ ಯಂತ್ರವನ್ನು ಕೊಳ್ಳಬೇಕು. ನನ್ನ ತೀರ್ಪನ್ನು ಹೀಗೆ ಒಪ್ಪಿಸಿದೆನು. ಹಾಗಾದರೆ ವಾಲ್ವೇ ಏಕೆ, ಏನನ್ನೂ ಕೂಡಿಸದ ಟ್ರಾನ್ಸಿಸ್ಟರಿನದನ್ನೇ ಕೊಳ್ಳಬಾರದೇಕೆಂದು ಅವರು ಗಣಿತದವರಿಗೆ ಸಹಜವಾದ ಪ್ರಶ್ನೆಯನ್ನು ಹಾಕಿದರು. ಕೊಳ್ಳಬಹುದು, ಅದರಿಂದ ರಸಕ್ಕೆ ಎಳ್ಳಷ್ಟೂ ಹಾನಿಯಿಲ್ಲ ಎಂದೆನು. ಅವರು ಸ್ವಲ್ಪ ಹೊತ್ತು ಕೆರೆಯ ನೀರನ್ನು ನೋಡಿ, ತಮಗೆ ವಾಲ್ವೇ ಬೇಕೆಂದರು.

ಈಗ ಅವರ ಮನೆಯಲ್ಲಿರುವುದು ಎರಡು 6ಎಸ್‌ಎನ್7 ವಾಲ್ವುಗಳ, 230 ವೋಲ್ಟಿನ ಯಂತ್ರ. ಗುಂಜನವಿಲ್ಲ. ಎಡಗಡೆಯ ವಾಲ್ವನ್ನು ಮಾತ್ರ ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆ ಬಾರಿಸಿದಂತೆ ಕೇಳುತ್ತದೆ, ಅದನ್ನು ಬದಲಿಸಬೇಕಾಗಿದೆ.